ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮನೆಗೆ ಕೇಬಲ್?

ಹುಣಸೂರಿನ ಯಾವುದೋ ಒಂದು ಪ್ರೌಢಶಾಲೆ. ಗಣಿತದ ಪುಸ್ತಕದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಯ ಆಗತಾನೆ ಮುಗಿದಿದೆ. ಸರಾಸರಿ, ಮಧ್ಯಾಂಕ, ಬಹುಲಕ ಎಲ್ಲವೂ ಮಕ್ಕಳಿಗೆ ಬಾಯಿಪಾಠವಾಗಿದೆ. ಇನ್ನು ಲೆಕ್ಕವನ್ನು ಪುಸ್ತಕದಿಂದ ಹೊರಗೆ ತರೋಣವೆಂದು ಮೇಷ್ಟ್ರು ಒಂದು ಮನೆಗೆಲಸ ಕೊಡುತ್ತಾರೆ ಎಂದಿಟ್ಟುಕೊಳ್ಳಿ: "ನಮ್ಮ ತಾಲ್ಲೂಕಿನಲ್ಲಿ ಎಷ್ಟು ಮನೆಗಳಿಗೆ ಕೇಬಲ್ ಟಿ.ವಿ. ಇದೆ? ಎಷ್ಟು ಮನೆಗಳಲ್ಲಿ ಫೋನ್ ಇದೆ? ಸರ್ಕಾರದ ಲೆಕ್ಕವನ್ನೇ ಹುಡುಕಿಕೊಂಡು ಬನ್ನಿ."

ಕೇಳಲು ಬಹಳ ಸುಲಭವಾದ ಪ್ರಶ್ನೆ. ಕಂಬದಿಂದ ಕಂಬಕ್ಕೆ ತಂತಿ ಹೋಗಿದೆ, ಮನೆಮನೆಯಲ್ಲಿ ಡಬ್ಬಿ ಕುಳಿತಿದೆ, ಅಪ್ಪನ ಜೇಬಿನಲ್ಲಿ ಫೋನಿದೆ. ಇವೆಲ್ಲಕ್ಕೂ ಕಾಯ್ದೆಯಿದೆ, ಲೈಸೆನ್ಸ್ ಇದೆ, ದೆಹಲಿಯಲ್ಲಿ ಪ್ರಾಧಿಕಾರವಿದೆ. ಅಂದಮೇಲೆ ಲೆಕ್ಕವೂ ಇರಲೇಬೇಕಲ್ಲ? ಆದರೆ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ - ಈ ನಾಲ್ಕರಲ್ಲಿ ಯಾವ ತಾಲ್ಲೂಕಿನ ಮಕ್ಕಳು ಹೊರಟರೂ ಉತ್ತರ ಅಷ್ಟು ಸುಲಭವಾಗಿ ಕೈಗೆ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ಹುಡುಕುತ್ತ ಹೋದರೆ, ನಮ್ಮ ಸರ್ಕಾರಗಳು ತಂತಿಯನ್ನೂ ತರಂಗವನ್ನೂ ಹೇಗೆ ಆಳುತ್ತ ಬಂದಿವೆ ಎಂಬ ಇಡೀ ಕಥೆಯೇ ಬಿಚ್ಚಿಕೊಳ್ಳುತ್ತದೆ. ಆ ಕಥೆಯ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿಯ ಓದಿನ ಪ್ರಶ್ನೆಯೂ ಇದೆ.

ಅಂಚೆ ಕಚೇರಿಯ ದಫ್ತರ

ಮಕ್ಕಳು ಮೊದಲು ಹೋಗಬೇಕಾದದ್ದು ಅಂಚೆ ಕಚೇರಿಗೆ ಎಂದರೆ ಇಂದಿನವರು ನಗಬಹುದು. ಮನೆಯಲ್ಲಿ ಅಜ್ಜ ಅಜ್ಜಿ ಇದ್ದರೆ ಕೇಳಿ ನೋಡಿ. ಒಂದು ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಬ್ಯಾಂಕಿನ ಪಾಸ್‌ಬುಕ್ಕಿನಂಥ ಒಂದು ಸಣ್ಣ ಪುಸ್ತಕ. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಅದನ್ನು ನವೀಕರಿಸಿಕೊಂಡು ಬರಬೇಕಾಗಿತ್ತು. 1885ರ ಭಾರತೀಯ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಟೆಲಿಗ್ರಾಫಿ ಕಾಯ್ದೆ ಇದಕ್ಕೆ ಆಧಾರವಾಗಿದ್ದವು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಆರಂಭಿಸಿದ ಜಿಲ್ಲೆ ನಮ್ಮದು. ಅದನ್ನು ಕೇಳುವ ಪೆಟ್ಟಿಗೆಗೂ ಸರ್ಕಾರದ ಒಪ್ಪಿಗೆ ಬೇಕಾಗಿದ್ದ ಕಾಲ ಅದು.

ಆ ಪುಸ್ತಕ ಜನರಿಗೆ ಕಿರಿಕಿರಿಯಾಗಿತ್ತು, ನಿಜ. ಆದರೆ ಅದರಿಂದ ಇನ್ನೊಂದು ಕೆಲಸವೂ ಆಗುತ್ತಿತ್ತು. ಯಾವ ಅಂಚೆ ಕಚೇರಿಯ ವ್ಯಾಪ್ತಿಯಲ್ಲಿ ಎಷ್ಟು ರೇಡಿಯೋ, ಎಷ್ಟು ಟಿ.ವಿ. ಇದೆ ಎಂಬುದು ತಾನಾಗಿಯೇ ಲೆಕ್ಕಕ್ಕೆ ಸಿಗುತ್ತಿತ್ತು. ಕದ್ದು ಇಟ್ಟುಕೊಂಡವರು ಲೆಕ್ಕದಿಂದ ಹೊರಗುಳಿಯುತ್ತಿದ್ದರು, ಅಷ್ಟೇ. 1980ರ ದಶಕದ ನಡುಭಾಗದಲ್ಲಿ ಆ ಲೈಸೆನ್ಸ್ ಪದ್ಧತಿಯನ್ನು ಸರ್ಕಾರ ಕೈಬಿಟ್ಟಿತು. ಶುಲ್ಕ ಹೋಯಿತು, ಜೊತೆಗೆ ಎಣಿಕೆಯೂ ಹೋಯಿತು. ಕಾನೂನು ಮತ್ತು ಅಂಕಿ-ಅಂಶ ಒಂದೇ ದಾರದ ಎರಡು ತುದಿಗಳು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

1991ರಲ್ಲಿ ಕೊಲ್ಲಿ ಯುದ್ಧದ ಚಿತ್ರಗಳು ಉಪಗ್ರಹದ ಮೂಲಕ ನೇರವಾಗಿ ಬರತೊಡಗಿದಾಗ ನಮ್ಮ ದೇಶದಲ್ಲಿ ಕೇಬಲ್ ಟಿ.ವಿ.ಯ ಹುಚ್ಚು ಹಬ್ಬಿತು. ದೊಡ್ಡ ತಟ್ಟೆಯಂಥ ಆಂಟೆನಾ, ಒಂದು ಕೋಣೆ, ಕೆಲವು ಯಂತ್ರಗಳು, ತಂತಿಯ ಸುರುಳಿ - ಇಷ್ಟಿದ್ದರೆ ಯಾರು ಬೇಕಾದರೂ ಕೇಬಲ್ ಹಾಕಬಹುದಾಗಿತ್ತು. 1992ರಲ್ಲಿ ಜೀ, 1994ರಲ್ಲಿ ಕನ್ನಡದ ಉದಯ ವಾಹಿನಿ ಬಂದವು. ಇಷ್ಟೆಲ್ಲ ನಡೆದರೂ ಇದಕ್ಕೆಂದೇ ಒಂದು ಕಾನೂನು ಇರಲಿಲ್ಲ. 1994ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಬಂತು. ಮರುವರ್ಷ ಅದು 'ಕೇಬಲ್ ಟೆಲಿವಿಷನ್ ಜಾಲಗಳ (ನಿಯಂತ್ರಣ) ಕಾಯ್ದೆ, 1995' ಆಯಿತು.

ಈ ಕಾಯ್ದೆ ಮತ್ತೆ ಅಂಚೆ ಕಚೇರಿಯನ್ನೇ ಹಿಡಿಯಿತು. ಕೇಬಲ್ ನಡೆಸುವವರು ತಮ್ಮ ಪ್ರದೇಶದ ಪ್ರಧಾನ ಅಂಚೆ ಕಚೇರಿಯಲ್ಲಿ 500 ರೂಪಾಯಿ ಕಟ್ಟಿ ಹೆಸರು ನೋಂದಾಯಿಸಿಕೊಳ್ಳಬೇಕು. ಪ್ರತಿ ವರ್ಷ ಅದನ್ನು ನವೀಕರಿಸಬೇಕು. ತಿಂಗಳಲ್ಲಿ ಯಾವ ಕಾರ್ಯಕ್ರಮ ಪ್ರಸಾರ ಮಾಡಿದೆವು ಎಂಬುದಕ್ಕೆ ಒಂದು ರಿಜಿಸ್ಟರ್ ಇಡಬೇಕು. ದೂರದರ್ಶನದ ನಿಗದಿತ ವಾಹಿನಿಗಳನ್ನು ಕಡ್ಡಾಯವಾಗಿ ತೋರಿಸಬೇಕು. ಈ ಕೊನೆಯ ಮಾತನ್ನು ಓದುಗರು ನೆನಪಿಟ್ಟುಕೊಂಡಿರಲಿ, ಮುಂದೆ ಬೇಕಾಗುತ್ತದೆ.

ಆದರೆ ಅಂಚೆ ಕಚೇರಿಯ ದಫ್ತರದಲ್ಲಿ ಬರೆದದ್ದು ಕೇಬಲ್ ನಡೆಸುವವರ ಹೆಸರನ್ನು, ನೋಡುವವರ ಹೆಸರನ್ನಲ್ಲ. ಹುಣಸೂರಿನಲ್ಲಿ ಇಂತಿಷ್ಟು ಜನ ಕೇಬಲ್ ನಡೆಸುತ್ತಾರೆ ಎಂದು ಅದು ಹೇಳಬಲ್ಲದಾಗಿತ್ತೇ ಹೊರತು ಎಷ್ಟು ಮನೆಗೆ ತಂತಿ ಹೋಗಿದೆ ಎಂದು ಹೇಳಲಾರದಾಗಿತ್ತು. ಈಗ ಆ ದಫ್ತರವೂ ಅಂಚೆಯವರ ಕೈಯಲ್ಲಿಲ್ಲ. 2025ರ ಜನವರಿಯಲ್ಲಿ ನಿಯಮಗಳಿಗೆ ತಿದ್ದುಪಡಿಯಾಗಿ ನೋಂದಣಿಯು ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಆನ್‌ಲೈನ್ ವ್ಯವಸ್ಥೆಗೆ ಹೋಯಿತು. ಶುಲ್ಕ 5,000 ರೂಪಾಯಿ, ಅವಧಿ ಐದು ವರ್ಷ ಎಂದಾಯಿತು. ನಮ್ಮ ವಿದ್ಯಾರ್ಥಿಗಳ ಪುಸ್ತಕದಲ್ಲಿ ಮೊದಲ ಸಾಲು ಹೀಗೆ ಖಾಲಿಯಾಗಿಯೇ ಉಳಿಯಿತು.

ಹೊಗೆಸೊಪ್ಪಿನ ಬೇಲು, ಕೇಬಲ್ಲಿನ ತಂತಿ

ಮುಂದಿನ ದಾರಿ ಕೇಬಲ್‌ನವರ ಅಂಗಡಿಗೆ. ಅವರಿಗೆ ತಮ್ಮ ಗಿರಾಕಿಗಳು ಎಷ್ಟು ಜನ ಎಂಬುದು ಖಂಡಿತ ಗೊತ್ತಿರುತ್ತದೆ. ತಿಂಗಳ ಹಣ ವಸೂಲಿ ಮಾಡುವವರೇ ಅವರು. ಆದರೆ ಗೊತ್ತಿರುವುದು ಬೇರೆ, ಮೇಲಿನವರಿಗೆ ಹೇಳುವುದು ಬೇರೆ.

ಇದನ್ನು ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ರೈತರ ಮಕ್ಕಳಿಗೆ ವಿವರಿಸುವುದು ಸುಲಭ. ವರ್ಜೀನಿಯಾ ಹೊಗೆಸೊಪ್ಪು ಬೆಳೆಯುವವರಿಗೆ ತಂಬಾಕು ಮಂಡಳಿಯ ನೋಂದಣಿ ಬೇಕು, ಹದಮಾಡುವ ಬ್ಯಾರನ್ನಿಗೆ ಲೈಸೆನ್ಸ್ ಬೇಕು, ಎಷ್ಟು ಬೆಳೆಯಬಹುದು ಎಂಬುದಕ್ಕೂ ಮಿತಿಯಿದೆ. ಕರ್ನಾಟಕದಲ್ಲಿ 1984ರಿಂದ ಮಂಡಳಿಯ ಹರಾಜು ನಡೆಯುತ್ತ ಬಂದಿದೆ. ಕಟ್ಟೆಮಳಲವಾಡಿಗೋ ಕಂಪಲಾಪುರಕ್ಕೋ ಹೋದ ಪ್ರತಿಯೊಂದು ಬೇಲೂ ತಕ್ಕಡಿ ಏರುತ್ತದೆ, ಅದಕ್ಕೊಂದು ಚೀಟಿ ಬೀಳುತ್ತದೆ. ಯಾರ ಬೇಲು, ಎಷ್ಟು ಕಿಲೋ, ಯಾವ ದರ್ಜೆ, ಎಷ್ಟಕ್ಕೆ ಹೋಯಿತು ಎಲ್ಲ ಕಾಗದದ ಮೇಲೆ ಬರುತ್ತದೆ. ತಕ್ಕಡಿ ಇರುವುದರಿಂದ ಲೆಕ್ಕವಿದೆ.

ಹಳೆಯ ಕೇಬಲ್ಲಿಗೆ ತಕ್ಕಡಿಯೇ ಇರಲಿಲ್ಲ. ಆ ಕಾಲದ ತಂತಿಯಲ್ಲಿ ಹರಿಯುತ್ತಿದ್ದದ್ದು ಅನಲಾಗ್ ಸಂಕೇತ. ಕಂಬದಿಂದ ಒಂದು ಮನೆಗೆ ಎಳೆದ ತಂತಿಯನ್ನು ಸಣ್ಣದೊಂದು ಸ್ಪ್ಲಿಟರ್ ಹಾಕಿ ಪಕ್ಕದ ಮನೆಗೂ ಕೊಡಬಹುದಾಗಿತ್ತು. ಎಷ್ಟು ಮನೆ ನೋಡುತ್ತಿವೆ ಎಂಬುದು ಕಂಟ್ರೋಲ್ ರೂಮಿನ ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಇತ್ತ ವಾಹಿನಿಯವರು ಕೇಬಲ್‌ನವರಿಂದ ಮನೆಗೆ ಇಷ್ಟು ಎಂದು ಹಣ ಕೇಳುತ್ತಿದ್ದರು. ಆಗ ಕೇಬಲ್‌ನವರು ಏನು ಮಾಡಿಯಾರು? ಸಾವಿರ ಮನೆ ಇದ್ದರೆ ಕೆಲವು ನೂರು ಎಂದು ಬರೆದುಕೊಟ್ಟರು. ವಾಹಿನಿಯವರು ಇದು ಸುಳ್ಳೆಂದು ತಿಳಿದು ದರ ಏರಿಸಿದರು. ದರ ಏರಿತೆಂದು ಇವರು ಸಂಖ್ಯೆಯನ್ನು ಇನ್ನಷ್ಟು ಇಳಿಸಿದರು. ಕೊನೆಗೆ ನಿಜವಾದ ಲೆಕ್ಕ ಯಾರ ಬಳಿಯೂ ಉಳಿಯಲಿಲ್ಲ. ತೆರಿಗೆ ಇಲಾಖೆಗೂ ಸಿಗಲಿಲ್ಲ, ದರ ನಿಗದಿ ಮಾಡಬೇಕಾದವರಿಗೂ ಸಿಗಲಿಲ್ಲ.

ಇಲ್ಲಿ ಒಂದು ಪಾಠವಿದೆ. ಹಣ ಕೊಡಬೇಕಾದವನೇ ಲೆಕ್ಕವನ್ನೂ ಬರೆಯುವಂತಿದ್ದರೆ ಆ ಲೆಕ್ಕ ಯಾವಾಗಲೂ ಕೆಳಗೆ ಬಾಗುತ್ತದೆ. ಹಣ ಪಡೆಯಬೇಕಾದವನು ಬರೆದರೆ ಮೇಲಕ್ಕೆ ಏರುತ್ತದೆ. ಒಂದು ಸಂಖ್ಯೆಯನ್ನು ನೋಡಿದಾಗ ಅದನ್ನು ಬರೆದವರಿಗೆ ಅದರಿಂದ ಏನು ಲಾಭ ಎಂದು ಮೊದಲು ಕೇಳಬೇಕು.

ಡಬ್ಬಿಗೆ ಬಂದ ನಂಬರು

ಆ ತಕ್ಕಡಿಯೇ ಸೆಟ್ ಟಾಪ್ ಬಾಕ್ಸ್. 2011ರಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿ ತಂದು ದೇಶವನ್ನು ನಾಲ್ಕು ಹಂತಗಳಲ್ಲಿ ಡಿಜಿಟಲ್ ಮಾಡಲು ಸರ್ಕಾರ ಹೊರಟಿತು. ಮೊದಲ ಹಂತ ನಾಲ್ಕು ಮಹಾನಗರಗಳು. ಎರಡನೆಯದು 38 ನಗರಗಳು. ಕರ್ನಾಟಕದಿಂದ ಅದರಲ್ಲಿದ್ದವು ಬೆಂಗಳೂರು ಮತ್ತು ಮೈಸೂರು. ಅದರ ಗಡುವು 2013ರ ಮಾರ್ಚ್ 31. ಉಳಿದ ಪಟ್ಟಣಗಳು ಮೂರನೆಯ ಹಂತಕ್ಕೂ, ಹಳ್ಳಿಗಳೂ ಸೇರಿ ಮಿಕ್ಕದ್ದೆಲ್ಲ ನಾಲ್ಕನೆಯ ಹಂತಕ್ಕೂ ಬಂದವು. ಗಡುವುಗಳು ಮುಂದೆ ಹೋಗುತ್ತ ಕೊನೆಗೆ ಮೂರನೆಯ ಹಂತಕ್ಕೆ 2017ರ ಜನವರಿ 31, ನಾಲ್ಕನೆಯದಕ್ಕೆ 2017ರ ಮಾರ್ಚ್ 31 ಎಂದು ನಿಂತವು. ಮೈಸೂರಿಗೂ ಅದರ ಸುತ್ತಲಿನ ಹಳ್ಳಿಗಳಿಗೂ ನಡುವೆ ಕಾಗದದ ಮೇಲೆಯೇ ನಾಲ್ಕು ವರ್ಷಗಳ ಅಂತರ.

ಪ್ರತಿಯೊಂದು ಡಬ್ಬಿಗೂ ಒಂದು ನಂಬರಿದೆ. ಹಣ ಕಟ್ಟಿದ ಡಬ್ಬಿಗೆ ಮಾತ್ರ ಚಿತ್ರ ಬಿಚ್ಚಿಕೊಳ್ಳುವಂತೆ ಕಂಟ್ರೋಲ್ ರೂಮಿನ ಕಂಪ್ಯೂಟರ್ ಅನುಮತಿ ಕೊಡುತ್ತದೆ. ಹಾಗಾಗಿ ಯಾವ ವಾಹಿನಿ ಎಷ್ಟು ಡಬ್ಬಿಗಳಿಗೆ ಹೋಗುತ್ತಿದೆ ಎಂಬುದು ಅಲ್ಲಿ ದಾಖಲಾಗುತ್ತದೆ. 2017ರ ನಿಯಮಗಳ ಪ್ರಕಾರ ತಿಂಗಳಿಗೆ ನಾಲ್ಕು ಬಾರಿ, ಅಂದರೆ 7, 14, 21 ಮತ್ತು 28ನೇ ತಾರೀಖುಗಳಂದು, ಸಂಜೆ 7ರಿಂದ ರಾತ್ರಿ 11ರ ಒಳಗೆ ಈ ಎಣಿಕೆ ತೆಗೆದು ಸರಾಸರಿ ಮಾಡಬೇಕು. ಒಬ್ಬರ ಜಾಲದಲ್ಲಿ ನಾಲ್ಕು ದಿನಗಳ ಎಣಿಕೆ 480, 500, 510, 490 ಎಂದಿಟ್ಟುಕೊಳ್ಳಿ. ಕೂಡಿದರೆ 1,980, ನಾಲ್ಕರಿಂದ ಭಾಗಿಸಿದರೆ 495. ವಾಹಿನಿಯವರಿಗೆ ಆ ತಿಂಗಳು ಕೊಡಬೇಕಾದ ಹಣ 495 ಮನೆಗಳ ಲೆಕ್ಕದಲ್ಲಿ.

ಒಂದೇ ದಿನ ಎಣಿಸಿದರೆ ಸಾಲದೇ ಎಂದು ಮಕ್ಕಳು ಕೇಳಬಹುದು. ಸಾಲದು. ಆ ಒಂದು ದಿನ ಎಣಿಕೆ ಕಡಿಮೆ ತೋರುವಂತೆ ಮಾಡಿಕೊಳ್ಳುವುದು ಕಷ್ಟವಲ್ಲ. ಹೊಸಬರು ಸೇರುವುದು, ಹಳಬರು ಬಿಡುವುದು ತಿಂಗಳಿಡೀ ನಡೆಯುತ್ತಲೇ ಇರುತ್ತದೆ. ನಾಲ್ಕು ದಿನದ ಸರಾಸರಿ ಇವೆರಡನ್ನೂ ತಕ್ಕಮಟ್ಟಿಗೆ ಸರಿತೂಗಿಸುತ್ತದೆ. ಶಾಲೆಯಲ್ಲಿ ಕಲಿತ ಸರಾಸರಿ ಎಷ್ಟು ಜನರ ವ್ಯವಹಾರವನ್ನು ಹಿಡಿದು ನಿಲ್ಲಿಸಿದೆ ನೋಡಿ!

ಇಷ್ಟಾದರೂ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಪೂರ್ತಿ ಇಲ್ಲ. ಇಲ್ಲಿ ಎಣಿಸಿದ್ದು ಡಬ್ಬಿಗಳನ್ನು, ಮನೆಗಳನ್ನಲ್ಲ. ಎರಡು ಟಿ.ವಿ. ಇರುವ ಮನೆಗೆ ಎರಡು ಡಬ್ಬಿ. ಲಾಡ್ಜಿಗೆ ಇಪ್ಪತ್ತು ಡಬ್ಬಿ. ಇದು ವ್ಯವಹಾರದ ಲೆಕ್ಕವಾದ್ದರಿಂದ ತಾಲ್ಲೂಕುವಾರು ಪಟ್ಟಿಯಾಗಿ ಸಾರ್ವಜನಿಕರ ಕೈಗೂ ಬರುವುದಿಲ್ಲ. ಇನ್ನು ಛಾವಣಿಯ ಮೇಲೆ ತಟ್ಟೆ ಇಟ್ಟುಕೊಂಡವರು ಕೇಬಲ್ ಪಟ್ಟಿಯಲ್ಲೇ ಇಲ್ಲ. ಹಣ ಕಟ್ಟುವ ಡಿಟಿಎಚ್ ಚಂದಾದಾರರನ್ನು ಕಂಪನಿಗಳು ವರದಿ ಮಾಡುತ್ತವೆ. ದೇಶದಲ್ಲಿ ಒಂದು ಕಾಲಕ್ಕೆ 7 ಕೋಟಿಯಷ್ಟಿದ್ದ ಆ ಸಂಖ್ಯೆ 2025ರ ಹೊತ್ತಿಗೆ 6 ಕೋಟಿಗಿಂತ ಕೆಳಗಿಳಿದಿತ್ತು. ಆದರೆ 2004ರಲ್ಲಿ ಆರಂಭವಾದ ದೂರದರ್ಶನದ ಉಚಿತ ತಟ್ಟೆ, ಈಗಿನ ಹೆಸರಿನಲ್ಲಿ ಡಿಡಿ ಫ್ರೀ ಡಿಶ್, ಅದರ ಕಥೆಯೇ ಬೇರೆ. ಅಂಗಡಿಯಲ್ಲಿ ಒಮ್ಮೆ ಹಣ ಕೊಟ್ಟು ತಂದರೆ ಮುಗಿಯಿತು. ತಿಂಗಳ ಬಾಡಿಗೆ ಇಲ್ಲ, ಹೆಸರು ಬರೆಸುವುದಿಲ್ಲ. ಹಾಗಾಗಿ ಎಷ್ಟು ಮನೆಯಲ್ಲಿದೆ ಎಂಬುದಕ್ಕೆ ಅಂದಾಜುಗಳೇ ಗತಿ. ಬಡವರ ಮನೆಯ ಟಿ.ವಿ. ಹೆಚ್ಚಾಗಿ ಇದೇ, ಲೆಕ್ಕಕ್ಕೆ ಸಿಗದಿರುವುದೂ ಇದೇ.

ಮನೆಯ ಖರ್ಚು ಮತ್ತು ದೆಹಲಿಯ ಪ್ರಾಧಿಕಾರ

ಪೋಷಕರಿಗೆ ಇಲ್ಲಿ ಎರಡು ಮಾತು ಹೇಳಬೇಕು. ಕೇಬಲ್ಲನ್ನು ಆಳುವವರು ಒಬ್ಬರಲ್ಲ. ಕಾಯ್ದೆ ಮಾಡುವುದು, ನೋಂದಣಿ ಕೊಡುವುದು ಕೇಂದ್ರ ಸರ್ಕಾರ. ದರ ಮತ್ತು ಸೇವೆಯ ಗುಣಮಟ್ಟ ನೋಡಿಕೊಳ್ಳುವುದು ಭಾರತ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಎಲ್ಲರ ಬಾಯಲ್ಲಿ 'ಟ್ರಾಯ್'. ಇದು 1997ರಲ್ಲಿ ದೂರವಾಣಿಗಾಗಿ ಹುಟ್ಟಿದ ಸಂಸ್ಥೆ. 2004ರ ಜನವರಿಯಲ್ಲಿ ಪ್ರಸಾರ ಮತ್ತು ಕೇಬಲ್ ಸೇವೆಗಳನ್ನೂ ಅದರ ವ್ಯಾಪ್ತಿಗೆ ತಂದರು. ಕಂಪನಿಗಳ ನಡುವಿನ ಜಗಳ ಬಗೆಹರಿಸಲು 2000ದಲ್ಲಿ ಬೇರೆಯೇ ನ್ಯಾಯಮಂಡಳಿ ಸ್ಥಾಪನೆಯಾಯಿತು.

2019ರ ಫೆಬ್ರವರಿಯಲ್ಲಿ ಟಿ.ವಿ. ಬಿಲ್ ಇದ್ದಕ್ಕಿದ್ದಂತೆ ಬದಲಾದದ್ದು ಅನೇಕರಿಗೆ ನೆನಪಿರಬಹುದು. ಮೊದಲ 100 ವಾಹಿನಿಗಳ ತಂತಿ ಬಾಡಿಗೆ 130 ರೂಪಾಯಿ ಮೀರಬಾರದು, ಹಣದ ವಾಹಿನಿಗಳನ್ನು ಬೇಕಾದವರು ಆರಿಸಿಕೊಳ್ಳಲಿ ಎಂಬುದು ಟ್ರಾಯ್ ನಿಯಮ. 130ಕ್ಕೆ ಶೇಕಡ 18ರ ಜಿಎಸ್‌ಟಿ 23 ರೂಪಾಯಿ 40 ಪೈಸೆ. ಒಟ್ಟು 153 ರೂಪಾಯಿ 40 ಪೈಸೆ. ಆ ವಿಚಿತ್ರ ಮೊತ್ತ ಎಲ್ಲಿಂದ ಬಂತೆಂದು ತಲೆ ಕೆರೆದುಕೊಂಡವರಿಗೆ ಇದೇ ಉತ್ತರ. 2020ರಲ್ಲಿ ಅದೇ 130 ರೂಪಾಯಿಗೆ 200 ವಾಹಿನಿ ಎಂದಾಯಿತು. 2024ರ ಜುಲೈನಲ್ಲಿ ಆ ಮಿತಿಯನ್ನೇ ತೆಗೆದು, ದರವನ್ನು ಸೇವೆ ಕೊಡುವವರ ವಿವೇಚನೆಗೆ ಬಿಡಲಾಯಿತು. ಆದರೆ ಎಷ್ಟು ಎಂಬುದನ್ನು ಅವರು ಮೊದಲೇ ಪ್ರಕಟಿಸಬೇಕು. ರಸೀದಿ ಕೇಳಿ ಪಡೆಯುವುದು ಗಿರಾಕಿಯ ಹಕ್ಕು. ಸಣ್ಣ ಮೊತ್ತವೆಂದು ಬಿಡಬೇಡಿ. ಆ ರಸೀದಿಯಿಂದಲೇ ನೀವು ಲೆಕ್ಕದೊಳಗೆ ಬರುತ್ತೀರಿ. ಇನ್ನೊಂದು ವಿಷಯ: ಟ್ರಾಯ್ ಒಬ್ಬೊಬ್ಬ ಗ್ರಾಹಕನ ದೂರನ್ನು ವಿಚಾರಿಸುವುದಿಲ್ಲ. ದೂರು ಮೊದಲು ಸೇವೆ ಕೊಡುವವರಲ್ಲಿಗೇ ಹೋಗಬೇಕು, ದೂರಿನ ಸಂಖ್ಯೆ ಪಡೆಯಬೇಕು.

ಸಿಮ್ ಎಣಿಸಿದರೆ ಜನ ಎಣಿಸಿದಂತೆಯೇ?

ಇನ್ನು ಫೋನಿನ ವಿಷಯ. ಇಲ್ಲಿ ಒಂದು ತಮಾಷೆಯಿದೆ. ಊರಿಗೆ ಬೆರಳೆಣಿಕೆಯ ಫೋನ್ ಇದ್ದ ಕಾಲದಲ್ಲಿ ತಾಲ್ಲೂಕಿನ ಲೆಕ್ಕ ಖಚಿತವಾಗಿ ಗೊತ್ತಿತ್ತು. ಎಕ್ಸ್‌ಚೇಂಜ್ ಸರ್ಕಾರದ್ದು, ತಂತಿ ಸರ್ಕಾರದ್ದು. ಕೆ.ಆರ್. ನಗರದ ಎಕ್ಸ್‌ಚೇಂಜಿನಲ್ಲಿ ಎಷ್ಟು ಸಂಪರ್ಕ, ಎಷ್ಟು ಜನ ಕಾಯುವ ಪಟ್ಟಿಯಲ್ಲಿದ್ದಾರೆ ಎಂಬುದು ಇಲಾಖೆಯ ಪುಸ್ತಕದಲ್ಲಿರುತ್ತಿತ್ತು. ಈಗ ಮನೆಮನೆಗೂ ಫೋನ್ ಬಂದಿದೆ, ತಾಲ್ಲೂಕಿನ ಲೆಕ್ಕ ಮಾತ್ರ ಕಾಣೆಯಾಗಿದೆ!

ಕಾರಣ ಸರಳ. ಮೊಬೈಲ್ ಕಂಪನಿಗಳಿಗೆ ಲೈಸೆನ್ಸ್ ಕೊಟ್ಟದ್ದು ತಾಲ್ಲೂಕುವಾರು ಅಲ್ಲ. ದೇಶವನ್ನು 22 ವೃತ್ತಗಳಾಗಿ ವಿಂಗಡಿಸಿದ್ದಾರೆ. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ಕರ್ನಾಟಕ ಒಂದೇ ವೃತ್ತ. ಲೈಸೆನ್ಸ್ ಯಾವ ಅಳತೆಯಲ್ಲೋ ವರದಿಯೂ ಅದೇ ಅಳತೆಯಲ್ಲಿ. ಟ್ರಾಯ್ ಪ್ರತಿ ತಿಂಗಳೂ ಚಂದಾದಾರರ ಸಂಖ್ಯೆ ಪ್ರಕಟಿಸುತ್ತದೆ, ಮೂರು ತಿಂಗಳಿಗೊಮ್ಮೆ ದೊಡ್ಡ ವರದಿ ತರುತ್ತದೆ. ಅದರಲ್ಲಿ ಕರ್ನಾಟಕಕ್ಕೆ ಒಂದು ಸಾಲು ಸಿಗುತ್ತದೆ. ಆ ಒಂದು ಸಾಲಿನೊಳಗೆ ಬೆಂಗಳೂರಿನ ಮಹಡಿಮನೆಯೂ ನಾಗರಹೊಳೆ ಕಾಡಂಚಿನ ಹಾಡಿಯೂ ಒಟ್ಟಿಗೇ ಕರಗಿಹೋಗಿವೆ.

ಆ ಅಂಕಿಗಳನ್ನು ಓದುವುದಕ್ಕೂ ಜಾಣ್ಮೆ ಬೇಕು. 2024ರ ಮಾರ್ಚ್ ಕೊನೆಯಲ್ಲಿ ದೇಶದಲ್ಲಿ ಸುಮಾರು 120 ಕೋಟಿ ದೂರವಾಣಿ ಸಂಪರ್ಕಗಳಿದ್ದವು. ನೂರು ಜನರಿಗೆ ಎಷ್ಟು ಸಂಪರ್ಕ ಎಂಬುದನ್ನು ದೂರವಾಣಿ ಸಾಂದ್ರತೆ ಎನ್ನುತ್ತಾರೆ. ಅದು ಆಗ ಸುಮಾರು 86. 'ನೂರರಲ್ಲಿ 86 ಜನರ ಬಳಿ ಫೋನಿದೆ' ಎಂದು ಬರೆದರೆ ಮೇಷ್ಟ್ರು ಸೊನ್ನೆ ಕೊಡಬೇಕು. ಯಾಕೆಂದರೆ ಅದೇ ವರದಿಯಲ್ಲಿ ನಗರಗಳ ಸಾಂದ್ರತೆ 130ಕ್ಕೂ ಹೆಚ್ಚು. ನೂರು ಜನರಲ್ಲಿ ನೂರಮೂವತ್ತು ಜನರಿಗೆ ಫೋನ್ ಇರುವುದು ಹೇಗೆ ಸಾಧ್ಯ? ಎಣಿಸಿದ್ದು ಸಿಮ್‌ಗಳನ್ನು. ಒಬ್ಬರಿಗೆ ಎರಡು ಸಿಮ್ ಇರಬಹುದು. ಜಮೀನಿನ ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನೊಳಗೂ ಒಂದು ಸಿಮ್ ಇದೆ. ಮೋಟಾರು ಮಾತಾಡುವುದಿಲ್ಲ, ಆದರೂ ಅದೊಂದು ಸಂಪರ್ಕವೇ. ಕೊಂಡು ಮೂಲೆಗೆ ಬಿಸಾಡಿದ ಸಿಮ್ ಕೂಡ ಸ್ವಲ್ಪ ಕಾಲ ಪಟ್ಟಿಯಲ್ಲಿರುತ್ತದೆ. ಅದಕ್ಕೇ ಟ್ರಾಯ್ ನಿಜವಾಗಿ ಚಾಲ್ತಿಯಲ್ಲಿರುವ ಸಿಮ್‌ಗಳ ಸಂಖ್ಯೆಯನ್ನು ಬೇರೆಯಾಗಿಯೂ ಕೊಡುತ್ತದೆ. ಹಳ್ಳಿಗಳ ಸಾಂದ್ರತೆ? ಸುಮಾರು 59. ನಗರದ 130ರ ಜೊತೆ ಬೆರೆತು ಅದು 86 ಆಗಿ ಕಾಣುತ್ತದೆ. ಸರಾಸರಿ ಸುಳ್ಳು ಹೇಳಲಿಲ್ಲ. ಹಳ್ಳಿಯ ಮುಖವನ್ನು ಮಾತ್ರ ಮರೆಮಾಡಿತು.

ಸೇವೆಯ ಗುಣಮಟ್ಟದ ನಿಯಮಗಳು 2024ರಲ್ಲಿ ಸ್ವಲ್ಪ ಕೆಳಗಿಳಿದು ಬಂದವು ಎನ್ನಬಹುದು. ಒಂದು ಜಿಲ್ಲೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಜಾಲ ನಿಂತರೆ ಕಂಪನಿ ಅದನ್ನು ಟ್ರಾಯ್‌ಗೆ ವರದಿ ಮಾಡಬೇಕು. 24 ಗಂಟೆ ಮೀರಿದರೆ ಗ್ರಾಹಕರಿಗೆ ಪರಿಹಾರ ಕೊಡಬೇಕು. ಎಲ್ಲೆಲ್ಲಿ ಸಿಗ್ನಲ್ ಇದೆ ಎಂಬ ನಕ್ಷೆಯನ್ನು ತಮ್ಮ ಜಾಲತಾಣದಲ್ಲಿ ಹಾಕಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಇಲ್ಲಿಯೂ ಅಳತೆಗೋಲು ಜಿಲ್ಲೆ. ಎಂದೂ ಸಿಗ್ನಲ್ ಬಾರದ ಊರಿನಲ್ಲಿ ಸಿಗ್ನಲ್ 'ನಿಲ್ಲುವ' ಪ್ರಶ್ನೆಯೇ ಏಳುವುದಿಲ್ಲ. ಅಂಥ ಊರುಗಳಿಗಾಗಿ ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ದೇಶದ 24,680 ಹಳ್ಳಿಗಳಿಗೆ 4ಜಿ ಒದಗಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಷ್ಟು ಹಳ್ಳಿಗಳನ್ನು ಯಾರೋ ಹೆಸರು ಹಿಡಿದು ಪಟ್ಟಿ ಮಾಡಿದ್ದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನು ಗಮನಿಸಬೇಕು.

ಒಂದು ಅಗುಳು

'ನಂಬರ್ ಒನ್ ಧಾರಾವಾಹಿ' ಎಂದು ಜಾಹೀರಾತು ಬರುತ್ತದೆ. ಅದು ಇನ್ನೊಂದು ಬಗೆಯ ಲೆಕ್ಕ. ಅನ್ನ ಬೆಂದಿದೆಯೇ ಎಂದು ನೋಡಲು ಇಡೀ ಪಾತ್ರೆಯನ್ನು ಹಿಸುಕಬೇಕಾಗಿಲ್ಲ, ಒಂದು ಅಗುಳು ಸಾಕು. ಟಿ.ವಿ. ರೇಟಿಂಗ್ ಕೂಡ ಹೀಗೆಯೇ. ಆಯ್ದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು ಕೋಟ್ಯಂತರ ಜನರ ಅಭಿರುಚಿಯನ್ನು ಅಂದಾಜು ಮಾಡುತ್ತಾರೆ. ಆದರೆ ಅಗುಳನ್ನು ಪಾತ್ರೆಯ ಒಂದೇ ಮೂಲೆಯಿಂದ ತೆಗೆದರೆ? ಬಹಳ ವರ್ಷ ಆದದ್ದು ಅದೇ. ಮೀಟರುಗಳು ಮುಖ್ಯವಾಗಿ ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳಲ್ಲಿದ್ದವು. ನಮ್ಮ ನಾಲ್ಕೂ ಪಟ್ಟಣಗಳು ಅದಕ್ಕಿಂತ ಚಿಕ್ಕವು. ಹಳ್ಳಿಗಳ ನೋಟವೂ ಸೇರಿದ ರೇಟಿಂಗ್ ದೇಶದಲ್ಲಿ ಬಂದದ್ದು 2015ರಲ್ಲಿ, ಬಾರ್ಕ್ ಸಂಸ್ಥೆಯ ಮೂಲಕ. ಅಲ್ಲಿಯವರೆಗೆ ಹಳ್ಳಿಯವರಿಗೆ ಏನು ಇಷ್ಟ ಎಂಬುದನ್ನು ಪಟ್ಟಣದವರ ಕಣ್ಣಿನಿಂದಲೇ ತೀರ್ಮಾನಿಸಲಾಗುತ್ತಿತ್ತು.

ಕೊನೆಗೆ ಸಿಕ್ಕ ಪುಟ

ಹಾಗಾದರೆ ಮನೆಯನ್ನೇ ಎಣಿಸಿದವರು ಯಾರೂ ಇಲ್ಲವೇ? ಇದ್ದಾರೆ. ಅವರು ನಮ್ಮ ಶಾಲೆಯ ಮೇಷ್ಟ್ರುಗಳೇ! ಜನಗಣತಿಯ ಮನೆಪಟ್ಟಿ ಹಂತದಲ್ಲಿ ಅವರು ಬಾಗಿಲು ಬಾಗಿಲಿಗೆ ಹೋಗಿ ರೇಡಿಯೋ ಇದೆಯೇ, ಟಿ.ವಿ. ಇದೆಯೇ, ಫೋನ್ ಇದೆಯೇ ಎಂದು ಕೇಳುತ್ತಾರೆ. 2001ರಲ್ಲಿ ದೇಶದ ಶೇಕಡ 31.6ರಷ್ಟು ಮನೆಗಳಲ್ಲಿ ಟಿ.ವಿ. ಇತ್ತು, 2011ರಲ್ಲಿ ಅದು 47.2 ಆಯಿತು. ಫೋನ್ ಇದ್ದ ಮನೆಗಳು 9.1ರಿಂದ 63.2ಕ್ಕೆ ಜಿಗಿದವು. ರೇಡಿಯೋ ಮಾತ್ರ 35.1ರಿಂದ 19.9ಕ್ಕೆ ಇಳಿಯಿತು. ಈ ಪಟ್ಟಿಗಳು ತಾಲ್ಲೂಕಿಗೂ ಊರಿಗೂ ಬೇರೆಬೇರೆಯಾಗಿ ಸಿಗುತ್ತವೆ. ಮಕ್ಕಳ ಪುಸ್ತಕದಲ್ಲಿ ಕೊನೆಗೂ ಒಂದು ಸಾಲು ತುಂಬಿತು.

ಆದರೆ ಅದರ ತಾರೀಖು 2011. ಆಗ ಟಿ.ವಿ. ಇದೆಯೇ ಎಂದು ಕೇಳಿದ್ದರು, ಕೇಬಲ್ಲೋ ತಟ್ಟೆಯೋ ಎಂದು ಕೇಳಿರಲಿಲ್ಲ. 2021ರಲ್ಲಿ ನಡೆಯಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಹೊರಟ ಅಧಿಸೂಚನೆ ಮುಂದಿನ ಗಣತಿಗೆ 2027ರ ಮಾರ್ಚ್ 1ನ್ನು ಆಧಾರ ದಿನವೆಂದು ಗೊತ್ತುಮಾಡಿತು. ಒಂದು ಎಣಿಕೆಗೂ ಇನ್ನೊಂದಕ್ಕೂ ನಡುವೆ ಒಂದು ಮಗು ಹುಟ್ಟಿ ಹೈಸ್ಕೂಲು ಮುಗಿಸುವಷ್ಟು ಕಾಲ.

2020 ಕಲಿಸಿದ್ದು

ಲೆಕ್ಕ ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎನ್ನುವವರು 2020ನ್ನು ನೆನೆಯಬೇಕು. ಶಾಲೆಗಳು ಮುಚ್ಚಿದವು. ಪಾಠ ಮನೆಗೇ ಬರಲಿ ಎಂದು ಶಿಕ್ಷಣ ಇಲಾಖೆ ದೂರದರ್ಶನದ ಚಂದನ ವಾಹಿನಿಯಲ್ಲಿ ಪಾಠಗಳನ್ನು ಆರಂಭಿಸಿತು. ಪ್ರೌಢಶಾಲೆಯ ಮಕ್ಕಳಿಗೆ 'ಸಂವೇದ' ತರಗತಿಗಳು ಬಂದವು. ಕೇಬಲ್‌ನವರು ದೂರದರ್ಶನವನ್ನು ಕಡ್ಡಾಯವಾಗಿ ತೋರಿಸಬೇಕೆಂಬ 1995ರ ಆ ಹಳೆಯ ಕಲಮು ಅಂದು ಕೆ.ಆರ್. ನಗರದ ಬೀದಿಯ ಹುಡುಗನಿಗೂ ಪಾಠ ತಲುಪಿಸಿತು. ಕಾಯ್ದೆ ಬರೆದವರು ಇಂಥದೊಂದು ದಿನವನ್ನು ಊಹಿಸಿರಲಾರರು.

ಆದರೆ ಟಿ.ವಿ.ಯೇ ಇಲ್ಲದ ಮನೆ? ಕರೆಂಟು ಕೈಕೊಡುವ, ಸಿಗ್ನಲ್ ನಿಲ್ಲದ ಕೋಟೆಯ ಕಾಡಂಚಿನ ಹಾಡಿ? ಎಷ್ಟು ಮಕ್ಕಳು ಹಾಗಿದ್ದಾರೆ ಎಂಬುದಕ್ಕೆ ಟ್ರಾಯ್ ವರದಿಯಲ್ಲಿ ಉತ್ತರವಿರಲಿಲ್ಲ, ಡಬ್ಬಿಗಳ ಲೆಕ್ಕದಲ್ಲೂ ಇರಲಿಲ್ಲ, ಒಂಬತ್ತು ವರ್ಷ ಹಳೆಯ ಗಣತಿಯಲ್ಲೂ ಇರಲಿಲ್ಲ. ಕೊನೆಗೆ ಅದೇ ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾದಾಗ ಶಿಕ್ಷಕರೇ ಮಕ್ಕಳನ್ನು ವಿಂಗಡಿಸಬೇಕಾಯಿತು: ಇಂಟರ್‌ನೆಟ್ ಇರುವ ಫೋನ್ ಉಳ್ಳವರು, ಬರೀ ಫೋನ್ ಇರುವವರು, ಏನೂ ಇಲ್ಲದವರು. ಏನೂ ಇಲ್ಲದವರ ಬಳಿಗೆ ಮೇಷ್ಟ್ರೇ ನಡೆದುಹೋಗಬೇಕು, ಅರಳಿಕಟ್ಟೆಯಲ್ಲೋ ದೇವಸ್ಥಾನದ ಅಂಗಳದಲ್ಲೋ ಕೂರಿಸಿ ಪಾಠ ಹೇಳಬೇಕು ಎಂಬುದು ಆ ಎಣಿಕೆಯಿಂದ ಹೊರಟ ತೀರ್ಮಾನ. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಸರಾಸರಿಯಲ್ಲಿ ಕಾಣದ ಮಗು ಹೆಸರು ಹಿಡಿದು ಎಣಿಸಿದಾಗ ಕಂಡಿತು ಎಂಬುದನ್ನು ಮರೆಯುವಂತಿಲ್ಲ.

ಹಾಗಾದರೆ ಉತ್ತರವೇನು?

ನಮ್ಮ ವಿದ್ಯಾರ್ಥಿಗಳು ಮೇಷ್ಟ್ರಿಗೆ ಕೊಡಬಹುದಾದ ಪ್ರಾಮಾಣಿಕ ಉತ್ತರ ಇದು: 'ಸರ್, ಅಂಚೆಯವರು ಕೇಬಲ್ ನಡೆಸುವವರನ್ನು ಎಣಿಸಿದ್ದರು, ಕಂಟ್ರೋಲ್ ರೂಮು ಡಬ್ಬಿಗಳನ್ನು ಎಣಿಸುತ್ತದೆ, ಟ್ರಾಯ್ ಸಿಮ್‌ಗಳನ್ನು ಎಣಿಸುತ್ತದೆ, ಗಣತಿಯವರು ಮನೆಗಳನ್ನು ಎಣಿಸುತ್ತಾರೆ. ಯಾವುದೂ ಸುಳ್ಳಲ್ಲ. ಆದರೆ ಇವುಗಳಲ್ಲಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಡುವಂತಿಲ್ಲ.' ಈ ಉತ್ತರ ಬರೆದ ಮಗುವಿಗೆ ಪೂರ್ತಿ ಅಂಕ ಕೊಡಬೇಕು. ಜಗತ್ತೇ ಮೆಚ್ಚಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ರಾಜ್ಯದ ಹೂವಿನಹಡಗಲಿಯಲ್ಲಿ. ತಾಲ್ಲೂಕು ಕೇಂದ್ರದಿಂದ ಹೊರಟವರು ಎಲ್ಲಿಗೆ ಬೇಕಾದರೂ ಹೋಗಬಹುದು.

ಖಾಲಿ ಉಳಿದ ಸಾಲನ್ನು ಮಕ್ಕಳೇ ತುಂಬಬಹುದು. ನಿಮ್ಮ ಬೀದಿಯ ಅಥವಾ ಊರಿನ ಐವತ್ತು ಮನೆ ಸಾಕು. ಟಿ.ವಿ. ಇದೆಯೇ; ಇದ್ದರೆ ಕೇಬಲ್ಲೋ, ಹಣದ ತಟ್ಟೆಯೋ, ಉಚಿತ ತಟ್ಟೆಯೋ; ಫೋನ್ ಎಷ್ಟು, ಸಿಮ್ ಎಷ್ಟು; ಮನೆಯೊಳಗೆ ಸಿಗ್ನಲ್ ಬರುತ್ತದೆಯೇ; ಓದುವ ಮಗುವಿನ ಕೈಗೆ ದಿನದಲ್ಲಿ ಎಷ್ಟು ಹೊತ್ತು ಫೋನ್ ಸಿಗುತ್ತದೆ - ಇಷ್ಟೇ ಪ್ರಶ್ನೆಗಳು. ಮನೆಯವರ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ. ಅವು ಲೆಕ್ಕಕ್ಕೆ ಬೇಕಾಗಿಲ್ಲ. ಎಣಿಸಿದ ತಾರೀಖನ್ನು ಮೇಲೆ ಬರೆಯಲು ಮರೆಯಬೇಡಿ. ಬೀಗ ಹಾಕಿದ ಮನೆಯನ್ನು ಬಿಟ್ಟುಬಿಡದೆ 'ಬೀಗ' ಎಂದೇ ಬರೆಯಿರಿ. ಅದನ್ನು ಜಿಲ್ಲಾ ಅಂಕಿ-ಅಂಶಗಳ ನೋಟದ ಪಕ್ಕ, 2011ರ ಗಣತಿಯ ಪಕ್ಕ ಇಟ್ಟು ನೋಡಿ. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿ ಹೇಳಲು ಪೋಷಕರು ಮಕ್ಕಳ ಜೊತೆ ಹೋಗಲಿ.

ಟವರ್ ಬೇಕೆಂದು ಬರೀ ಅರ್ಜಿ ಕೊಟ್ಟರೆ ಅದು ಅಹವಾಲು. ಐವತ್ತು ಮನೆಯಲ್ಲಿ ಮೂವತ್ತೆರಡು ಮನೆಯೊಳಗೆ ಸಿಗ್ನಲ್ ಇಲ್ಲ, ಅವುಗಳಲ್ಲಿ ಓದುವ ಮಕ್ಕಳು ಇಷ್ಟು ಎಂದು ತಾರೀಖು ಸಮೇತ ಬರೆದುಕೊಟ್ಟರೆ ಅದು ಲೆಕ್ಕ. ಅಹವಾಲಿಗೆ 'ನೋಡೋಣ' ಎಂದು ಹೇಳಿ ಕಳಿಸಬಹುದು. ಲೆಕ್ಕಕ್ಕೆ ಯಾರಾದರೂ ಕುಳಿತು ಉತ್ತರ ಬರೆಯಲೇಬೇಕಾಗುತ್ತದೆ.